ಗಂಜಿ ಹಚ್ಚಿದ ಗೇರ್ ವೈರು

ಮೋಡ ಕವಿದ ಭಾನುವಾರ ಎಂದು ಮೊದಲು ಬರೆದಿದ್ದೆ. ಆಮೇಲೆ ಫೋನಿನಲ್ಲಿದ್ದ ಫೋಟೋ ತೆಗೆದು ನೋಡಿದರೆ ಭಾವನ ನೆರಳು ಡಾಂಬರಿನ ಮೇಲೆ ಕತ್ತರಿಸಿ ಅಂಟಿಸಿದ ಹಾಗೆ ಚೂಪಾಗಿ ಬಿದ್ದಿದೆ. ಆದ್ದರಿಂದ ಮೋಡವನ್ನು ತೆಗೆದಿದ್ದೇನೆ. ತೆಗೆದ ಮೇಲೂ ನನ್ನ ತಲೆಯೊಳಗಿನ ಭಾನುವಾರದಲ್ಲಿ ಅದು ಹಾಗೇ ಇದೆ, ಜೊತೆಗೆ ತಣ್ಣನೆಯ ಗಾಳಿಯೂ ಬೀಸುತ್ತದೆ. ನೆನಪು ತನಗೆ ಹಿತವಾದ ಹವೆಯನ್ನು ತಾನೇ ಮಾಡಿಕೊಳ್ಳುತ್ತದೆ, ಯಾರನ್ನೂ ಕೇಳುವುದಿಲ್ಲ. ಹಾಗಾಗಿ ಮುಂದೆ ಬರುವ ಬಿಸಿಲು ಫೋಟೋದ್ದು. ಮಾತುಗಳು ನನ್ನ ಕಿವಿಯವು, ಅವುಗಳಿಗೆ ಸಾಕ್ಷಿ ಇಲ್ಲ.

ಭಾವ ಅಂದರೆ ಅಕ್ಕನ ಗಂಡ. ಮನೆ ಶ್ರೀರಾಂಪುರದಲ್ಲಿ, ಕೆಲಸ ಹೊಸದುರ್ಗದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಸುತ್ತಿನ ಹಳ್ಳಿಗಳ ಅರ್ಧ ಜನರ ಬೆರಳನ್ನು ಅವರು ಒಮ್ಮೆಯಾದರೂ ಚುಚ್ಚಿದ್ದಾರೆ. ಅದರ ಫಲವಾಗಿ ಅವರು ಬಸ್ಸು ಹತ್ತಿದರೂ, ಕ್ಷೌರಕ್ಕೆ ಕೂತರೂ, ಮದುವೆಮನೆಯಲ್ಲಿ ಎಲೆಯ ಮುಂದೆ ಕೂತರೂ ಯಾರಾದರೊಬ್ಬರು ಹತ್ತಿರ ಸರಿದು, "ಸಾರ್, ಅವತ್ತು ನಂದು ಸಕ್ರೆ ಎಷ್ಟೈತೆ ಅಂದ್ರಿ?" ಎಂದು ಕೇಳುತ್ತಾರೆ. ಪಾಯಸ ಬಡಿಸುವವನು ಸೌಟನ್ನು ಅರ್ಧದಲ್ಲಿ ಹಿಡಿದು ಕೇಳಿದ್ದೂ ಇದೆ. ಸೈಕಲ್ ಮೇಲಿದ್ದಾಗ ಮಾತ್ರ ಯಾರೂ ಕೇಳಲಾರರು. ಬಾಯಿ ತೆರೆಯುವಷ್ಟರಲ್ಲಿ ಭಾವ ದಾಟಿ ಹೋಗಿರುತ್ತಾರೆ. ಇಡೀ ವಾರದಲ್ಲಿ ಭಾನುವಾರದ ಆ ಬೆಳಗೊಂದೇ ಅವರದ್ದು.

ಸೈಕಲ್ಲು ಚಿತ್ರದುರ್ಗದ ಡಾಕ್ಟರೊಬ್ಬರು ಬೇಸರ ಬಂದು ಬಿಟ್ಟುಕೊಟ್ಟದ್ದು. ಬಳೆಯಂಥ ತೆಳುವಾದ ಟೈರು, ಹಿಂದಿನ ಚಕ್ರದಲ್ಲಿ ಒಂದರ ಪಕ್ಕ ಒಂದು ಹಲ್ಲುಚಕ್ರಗಳ ಗೊಂಚಲು, ಮುಂದೆ ಕೆಳಕ್ಕೆ ಸುತ್ತಿಕೊಂಡ ಹ್ಯಾಂಡಲ್. ಭಾವನ ತಾಯಿ, ಅಂದರೆ ನಾನು ಅತ್ತೆ ಎಂದು ಕರೆಯುವ ಹಿರಿಯಾಕೆ, ಆ ಹ್ಯಾಂಡಲ್ ನೋಡಿದ ದಿನವೇ ಅದಕ್ಕೆ ಟಗರು ಎಂದು ಹೆಸರಿಟ್ಟಿದ್ದರು. ಅವರ ತವರಿನಲ್ಲಿ ಕುರಿ, ಗಂಡನ ಮನೆಯಲ್ಲಿ ಮಗ್ಗ. ಕುರಿಯ ಬೆನ್ನಿನಿಂದ ಕಂಬಳಿಯವರೆಗಿನ ದಾರಿಯೆಲ್ಲ ಅವರ ಕೈ ಕೆಳಗೇ ಹಾದುಹೋಗಿದೆ. ಪಡಸಾಲೆಯ ಮಗ್ಗದಲ್ಲಿ ಈಗಲೂ ಅವರು ಕಂಬಳಿ ನೇಯುತ್ತಾರೆ. "ಟಗರಿಗೆ ಮೇವಿಲ್ಲ, ನೀರಿಲ್ಲ, ಸೆಗಣಿನೂ ಇಲ್ಲ. ಏನ್ ಸುಖಕ್ಕೆ ಸಾಕೀಯೋ?" ಎಂದು ಮಗನನ್ನು ಕೇಳುತ್ತಿದ್ದರು.

ಅಕ್ಕನ ತಕರಾರು ಬೇರೆ. ಭಾವ ಬೆಳಿಗ್ಗೆ ಸೈಕಲ್ ಮೇಲೆ ಹೋಗುತ್ತಿದ್ದರು, ಬಿಸಿಲೇರಿದ ಮೇಲೆ ಟೆಂಪೋದಲ್ಲಿ ಬರುತ್ತಿದ್ದರು. ಒಂದು ಸಲ ಈರುಳ್ಳಿ ಮೂಟೆಗಳ ಮೇಲೆ ಕೂತು, ಇನ್ನೊಂದು ಸಲ ತೆಂಗಿನಕಾಯಿ ರಾಶಿಯ ನಡುವೆ, ಮತ್ತೊಂದು ಸಲ ಸಂತೆಗೆ ಹೊರಟಿದ್ದ ಕುರಿಗಳ ಜೊತೆ ಮುಖಕ್ಕೆ ಮುಖ ಕೊಟ್ಟುಕೊಂಡು. ಟೆಂಪೋ ಮೂರು ಸಲವೂ ಅದೇ, ಸರಕು ಬೇರೆ. ಅದರ ಚಾಲಕ ಹೊಳಲ್ಕೆರೆ ಕಡೆಯವನು, ದಾರಿಯಲ್ಲಿ ನಿಂತವರನ್ನು ಬಿಟ್ಟುಹೋಗಲಾರದ ಮನುಷ್ಯ. ಬೀದಿಯ ಹೆಂಗಸರು ಅಕ್ಕನನ್ನು ನಲ್ಲಿಯ ಹತ್ತಿರ ಹಿಡಿದು, "ನಿಮ್ಮನೆಯವ್ರು ಸೈಕ್ಲಿಗೆ ಊರು ತೋರಿಸ್ಕಂಡು ಬರ್ತಾರಂತಲ್ಲ ಟೆಂಪೋದಾಗೆ," ಎನ್ನುತ್ತಿದ್ದರು.

ಕಾರಣ ಗೇರಿನ ವೈರು. ಹ್ಯಾಂಡಲ್ಲಿನ ಗುಂಡಿ ಒತ್ತಿದರೆ ಈ ವೈರು ಹಿಂದಿನ ಚೈನನ್ನು ಎಳೆದು ದೊಡ್ಡ ಹಲ್ಲುಚಕ್ರಕ್ಕೆ ಹತ್ತಿಸುತ್ತದೆ, ಆಗ ಪೆಡಲು ಹಗುರ. ವೈರು ಸಡಿಲಾದರೆ ಸ್ಪ್ರಿಂಗು ಚೈನನ್ನು ಚಿಕ್ಕ ಚಕ್ರಕ್ಕೆ ಎಳೆದುಕೊಳ್ಳುತ್ತದೆ, ಆಗ ಪೆಡಲು ತುಂಬಿದ ಗಾಡಿ ಎಳೆದಷ್ಟು ಭಾರ. ಡಾಕ್ಟರ ಕಾಲದ ಆ ವೈರು ಒಳಗೊಳಗೇ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತ ಬಂದಿತ್ತು. ಮೊದಲೆರಡು ಸಲ ಸಿಕ್ಕಿಹಾಕಿಕೊಂಡಿತು. ಮೂರನೆಯ ಸಲ, ಊರ ಆಚೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳ ಗುಡ್ಡದ ಏರಿನಲ್ಲಿ, ಟಪ್ಪೆಂದು ಕಡಿಯಿತು.

ಕುರಿಗಳ ಜೊತೆ ಬಂದಿಳಿದ ಆ ದಿನ ಅಕ್ಕ ಬಾಗಿಲಲ್ಲೇ ನಿಂತಿದ್ದಳಂತೆ. ನಾನು ಅಲ್ಲಿರಲಿಲ್ಲ. ಆದರೆ ಮೂವರೂ ಬೇರೆ ಬೇರೆಯಾಗಿ ಹೇಳಿದಾಗ ಈ ಮಾತೊಂದು ಮಾತ್ರ ಬದಲಾಗಲಿಲ್ಲ, ಆದ್ದರಿಂದ ನಂಬಿದ್ದೇನೆ.

"ಇನ್ನೊಂದ್ಸಲ ಈ ಸೈಕ್ಲು ಟೆಂಪೋದಾಗೆ ಬಂತು ಅಂದ್ರೆ ಮಗ್ಗದ ಮ್ಯಾಲಿನ ಜಂತಿಗೆ ಕಟ್ಟಿ ತೂಗಾಕ್ತೀನಿ ನೋಡ್ರಿ. ಆಮ್ಯಾಕೆ ಇಳಿಸು ಅಂದ್ರೆ ಇಳ್ಸಲ್ಲ."

ಭಾವ ಕುರಿಯ ಹಿಕ್ಕೆ ಮೆತ್ತಿದ ಪ್ಯಾಂಟಿನಲ್ಲಿಯೇ ಗಂಭೀರವಾಗಿ ಹೇಳಿದರಂತೆ: "ಬರೋ ಭಾನುವಾರ ಅದೇ ಫ್ಯಾನಿನ ಏರು ಹತ್ತಿ, ಅದೇ ಸೈಕಲ್ ಮ್ಯಾಲೆ ಬಾಗಿಲಿಗೆ ಬರ್ತೀನಿ. ಬರಲಿಲ್ಲ ಅಂದ್ರೆ ನಾನೇ ಹಗ್ಗ ಕೊಡ್ತೀನಿ."

"ಹಗ್ಗ ಮನೇಲೇ ಐತೆ. ನೀವು ಬರ್ರಿ ಸಾಕು."

ಹೀಗೆ ವೈರು ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊಸದುರ್ಗದ ಸೈಕಲ್ ಅಂಗಡಿಯವನು ಬ್ರೇಕ್ ವೈರು ಉಂಟು, ಈ ಥರದ ಗೇರ್ ವೈರು ಇಲ್ಲ ಎಂದಿದ್ದ. ನಾನು ಚಿತ್ರದುರ್ಗದಲ್ಲಿರುವವಳು, ಫೋನಿನಲ್ಲಿ ರಿಪೇರಿ ವಿಡಿಯೋ ನೋಡುವ ಚಟದವಳು. ಪ್ರೆಶರ್ ಕುಕ್ಕರಿನಿಂದ ಹಿಡಿದು ಗೋಡೆ ಗಡಿಯಾರದವರೆಗೆ ಎಲ್ಲವನ್ನೂ ಬಿಚ್ಚಿದ್ದೇನೆ, ಕೆಲವನ್ನು ಮುಚ್ಚಿದ್ದೇನೆ. ಶನಿವಾರ ಮಧ್ಯಾಹ್ನ ಹೊಸ ವೈರನ್ನು ಬಳೆಯ ಹಾಗೆ ಸುತ್ತಿ ಚೀಲದಲ್ಲಿಟ್ಟುಕೊಂಡು ಬಸ್ಸಿಳಿದಾಗ ಭಾವ ಕೈಮುಗಿದು, "ಬರ್ರಿ ಇಂಜಿನಿಯರಮ್ಮ, ನಮ್ಮ ಮಾನ ನಿಮ್ಮ ಚೀಲದಾಗೈತೆ," ಎಂದರು.

ಚೀಲದಲ್ಲಿ ವೈರು ಮಾತ್ರ ಇತ್ತು. ವೈರು ಓಡಾಡುವ ಕೊಳವೆ ಇದೆಯಲ್ಲ, ಔಟರ್ ಅನ್ನುತ್ತಾರೆ, ಅದನ್ನೂ ಬದಲಿಸಬೇಕೆಂದು ವಿಡಿಯೋದವನು ಹೇಳಿದ್ದ. ಅಂಗಡಿಯಲ್ಲಿ ಅದು ಆ ದಿನ ಇರಲಿಲ್ಲ. ಹಳೆಯದು ನೋಡಲು ಚೆನ್ನಾಗಿಯೇ ಇದೆ ಎಂದು ನಾವಿಬ್ಬರೂ ಒಪ್ಪಿಕೊಂಡೆವು. ಹೊರಗಿನಿಂದ ನೋಡಿ.

ಪಡಸಾಲೆಯಲ್ಲಿ ಮಗ್ಗದ ಪಕ್ಕ ಸೈಕಲ್ಲನ್ನು ಕೊಂಬಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿದೆವು. ಹಳೆಯ ವೈರಿನ ತುಂಡನ್ನು ಹೊರಗೆಳೆಯುವಾಗ ಅದರ ಬಿಚ್ಚಿದ ಎಳೆಯೊಂದು ನನ್ನ ತೋರುಬೆರಳಿಗೆ ಚುಚ್ಚಿ ರಕ್ತ ಬಂತು. ಭಾವ ಬಗ್ಗಿ ನೋಡಿ, "ಚಲೋ ಚುಚ್ಚೈತೆ. ನಾನೂ ಇಷ್ಟು ನೀಟಾಗಿ ಚುಚ್ಚಲ್ಲ," ಎಂದರು. ಅಕ್ಕ ಅಡುಗೆಮನೆಯಿಂದ, "ರಿಪೋರ್ಟು ಸಂಜೀಕೆ ಕೊಡ್ತೀರೋ ನಾಳೀಕೋ?" ಎಂದು ಕೂಗಿದಳು.

ಇಲ್ಲಿಂದ ಮುಂದೆ ನಮ್ಮ ನಾಲ್ವರ ಕಥೆಗಳು ನಾಲ್ಕು ದಿಕ್ಕಿಗೆ ಹೋಗುತ್ತವೆ. ಹೊಸ ವೈರು ತುಂಬ ಉದ್ದವಿತ್ತು. ಮೊದಲು ಔಟರಿನೊಳಗೆ ಪೂರ್ತಿ ತೂರಿಸಿ, ಬಿಗಿದು, ಆಮೇಲೆ ಉಳಿದದ್ದನ್ನು ಕತ್ತರಿಸಬೇಕು. ಯಾರೋ ತೂರಿಸುವ ಮೊದಲೇ ಕತ್ತರಿಸಿದರು. ನಾನೇ ಎಂದು ಭಾವ. ಭಾವನೇ ಎಂದು ನಾನು. ಅಕ್ಕ ಇಬ್ಬರನ್ನೂ ನಂಬುವುದಿಲ್ಲ. ಯಾವುದರಿಂದ ಕತ್ತರಿಸಿದ್ದು ಎನ್ನುವುದರಲ್ಲಿ ಮಾತ್ರ ಜಗಳವಿಲ್ಲ: ಅತ್ತೆಯ ಉಣ್ಣೆ ಕತ್ತರಿ. ಕುರಿಯ ಮೈಗೆಂದು ಮಾಡಿದ ಕತ್ತರಿ ಉಕ್ಕಿನ ವೈರನ್ನು ಕತ್ತರಿಸಲಿಲ್ಲ, ಜಗಿಯಿತು. ಜಗಿದ ತುದಿ ಕುಂಚದ ಹಾಗೆ ಅರಳಿ ನಿಂತಿತು. ಅರಳಿದ ಕುಂಚವನ್ನು ಸೂಜಿಯಂಥ ತೂತಿನೊಳಗೆ ಕಳಿಸಲು ನಾನು ನೆಕ್ಕಿ ನೋಡಿದೆ, ಭಾವ ಹೊಸೆದು ನೋಡಿದರು. ಪ್ರತಿ ಸಲವೂ ಎಲ್ಲೋ ಒಂದು ಎಳೆ ಹಿಂದೆ ಉಳಿದು, ಮದುವೆಗೆ ಬರುವುದಿಲ್ಲವೆಂದು ಹಟ ಹಿಡಿದ ನೆಂಟನ ಹಾಗೆ ಬಾಗಿಲಲ್ಲೇ ನಿಲ್ಲುತ್ತಿತ್ತು.

ಅತ್ತೆ ಮೊದಲು ಕತ್ತರಿಯ ಬಾಯಿ ನೋಡಿದರು. "ಕುರಿ ಕತ್ತರೀಲಿ ಕಬ್ಬಿಣ ಕತ್ತರಿಸಿದ್ರೇನ್ರಲೇ! ಇನ್ನ ಈ ಕತ್ತರಿ ಕಂಡ್ರೆ ಕುರಿ ನಗ್ತಾವೆ." ಆಮೇಲೆ ವೈರಿನ ತುದಿ ನೋಡಿದರು. ನೋಡಿದ ಕೂಡಲೇ ಅವರ ಸಿಟ್ಟು ಹೋಯಿತು. ಗುರುತಿನವರು ಸಿಕ್ಕ ಹಾಗೆ ಮುಖ ಅರಳಿತು.

"ಎಳೆ ಬಿಚ್ಚಿಕಂಡೈತೆ ಅಷ್ಟೇ ತಾನೆ? ಗಂಜಿ ಹಚ್ಚಬೇಕಪ್ಪ."

ಆ ಮನೆಯ ರೀತಿ ಗೊತ್ತಿಲ್ಲದವರಿಗೆ ಈ ಮಾತಿನ ತೂಕ ತಿಳಿಯದು. ಕಂಬಳಿಯ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬಿಗಿಯುವ ಉಣ್ಣೆ ನೂಲು, ನೇಯುವಾಗ ಬಿಚ್ಚಿಕೊಳ್ಳದಿರಲೆಂದು ಹುಣಸೆಬೀಜವನ್ನು ಅರೆದು ಬೇಯಿಸಿದ ಗಂಜಿಯನ್ನು ಕುಂಚದಿಂದ ಬಳಿದು ಒಣಗಿಸುತ್ತಾರೆ. ಒಣಗಿದ ನೂಲು ತಂತಿಯಂತಾಗುತ್ತದೆ. ಈ ಮನೆಯವರು ಅದನ್ನು ನೂಲಿಗೆ ಮಾತ್ರ ಬಿಟ್ಟಿಲ್ಲ. ಎಳೆ ಇರುವ ಯಾವುದೇ ವಸ್ತು ಬಿಚ್ಚಿಕೊಂಡರೂ ಗಂಜಿಯೇ ಔಷಧಿ. ಭಾವನ ಶೂ ಲೇಸಿನ ತುದಿಗಳು, ತೊಟ್ಟಿಲ ಹಗ್ಗ, ಪೊರಕೆ, ಅಕ್ಕನ ಮದುವೆ ಸೀರೆಯ ಸೆರಗಿನ ಕುಚ್ಚು, ಎಲ್ಲಕ್ಕೂ ಆ ಕಂದು ಬಣ್ಣದ ಪಾತ್ರೆಯಿಂದಲೇ ಚಿಕಿತ್ಸೆ ಆಗಿದೆ. ಆ ಶನಿವಾರ ಬೆಳಿಗ್ಗೆಯಷ್ಟೇ ಅತ್ತೆ ಹಾಸಿನ ನೂಲಿಗೆ ಗಂಜಿ ಬಳಿದಿದ್ದರು. ಪಾತ್ರೆಯಲ್ಲಿ ಉಳಿದಿತ್ತು.

ಅತ್ತೆ ತುದಿಯನ್ನು ಗಂಜಿಯಲ್ಲಿ ಅದ್ದಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಸುತ್ತು ತಿರುವಿ, ಉಫ್ ಎಂದು ಊದಿದರು. ಕುಂಚ ಹೋಗಿ ಸೂಜಿ ಬಂತು. ಭಾವ ಚಪ್ಪಾಳೆ ತಟ್ಟಿದರು. ನಾನು ವಿಡಿಯೋ ಮಾಡಬೇಕೆಂದುಕೊಂಡು ಫೋನ್ ಹುಡುಕುವಷ್ಟರಲ್ಲಿ ಚಿಕಿತ್ಸೆ ಮುಂದುವರಿದಿತ್ತು.

"ತುದಿಗೆ ಅಷ್ಟೇ ಯಾಕವ್ವ?" ಎಂದರು ಭಾವ. "ಪೂರ್ತಿ ವೈರಿಗೂ ಬಳಿದ್ರೆ ಮುಂದೆ ಯಾವತ್ತೂ ಬಿಚ್ಚಿಕಳಲ್ಲ ಅಲ್ಲ?"

"ಮತ್ತೆ? ಹಾಸಿನ ನೂಲಿಗೆ ತುದಿಗಷ್ಟೇ ಬಳೀತಾರೇನೋ ಯಾರಾದ್ರೂ?"

ಅಕ್ಕನೂ ಸೆರಗಿಗೆ ಕೈ ಒರೆಸುತ್ತ ಬಂದು, "ತೆಳ್ಳಗೆ ಬಳೀರಿ, ಗಂಟು ಬಿದ್ದಾವು," ಎಂದಳು. ಅವಳಿಗೆ ಟಗರನ್ನು ಜಂತಿಗೆ ಕಟ್ಟುವ ಆಸೆ, ಆದರೂ ಗಂಜಿ ಬಳಿಯುವ ಕಡೆ ಸುಮ್ಮನಿರಲು ಆ ಮನೆಯಲ್ಲಿ ಯಾರಿಗೂ ಆಗುವುದಿಲ್ಲ. ನಾನು ಏನಂದೆ? ಬೇಡ ಅಂದೆ ಎಂದು ನನಗೆ ನೆನಪಿದೆ. ಬಹಳ ಸ್ಪಷ್ಟವಾಗಿ ನೆನಪಿದೆ, ಅದಕ್ಕೇ ಅನುಮಾನ. ಭಾವನ ಪ್ರಕಾರ ವೈರಿನ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದು ನಿಂತವಳು ನಾನೇ.

ಹಸಿ ಗಂಜಿಯ ವೈರು ಔಟರಿನೊಳಗೆ ಹಾವುಮೀನಿನ ಹಾಗೆ ಜಾರಿಹೋಯಿತು. ಬಿಗಿದೆವು. ಸೈಕಲ್ ತಲೆಕೆಳಗಾಗಿಯೇ ಇತ್ತು, ನಾನು ಪೆಡಲು ತಿರುಗಿಸಿದೆ, ಭಾವ ಗುಂಡಿ ಒತ್ತಿದರು. ಚೈನು ಟಿಕ್ ಎಂದು ಹತ್ತಿತು, ಟಿಕ್ ಎಂದು ಇಳಿಯಿತು, ಮತ್ತೆ ಹತ್ತಿತು. ಹೊಸದರಲ್ಲಿ ಡಾಕ್ಟರಿಗೂ ಅಷ್ಟು ನಯವಾಗಿ ಓಡಿರಲಿಕ್ಕಿಲ್ಲ. ಭಾವ ಕೊನೆಗೆ ಅತ್ಯಂತ ಹಗುರವಾದ ಗೇರಿಗೆ ಹಾಕಿ, "ನಾಳೆ ಏರಿಗೆ ಇದೇ ಬೇಕು, ಇಲ್ಲೇ ಇರ್ಲಿ," ಎಂದು ಸೈಕಲ್ಲನ್ನು ಗೋಡೆಗೆ ಒರಗಿಸಿದರು. ಅದು ಅಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ನಾನು ಅಕ್ಕನ ಹಳೆಯ ಗೇರಿಲ್ಲದ ಲೇಡೀಸ್ ಸೈಕಲ್ ಹತ್ತಿದೆ, ಸಾಕ್ಷಿಯಾಗಿ ಜೊತೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅಕ್ಕ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಭಾವ ಕೈ ಬೀಸಿ ಹೊರಟರು. ಬೀದಿಯ ತಿರುವು ದಾಟಿದ ಕೂಡಲೇ ಅವರ ಕಾಲುಗಳು ಹುಚ್ಚು ಹಿಡಿದಂತೆ ತಿರುಗತೊಡಗಿದವು. ಸೈಕಲ್ಲು ಮಾತ್ರ ಹಸು ಮೇಯಿಸಲು ಹೊರಟವರ ಹಾಗೆ ನಿಧಾನಕ್ಕೆ ಹೋಗುತ್ತಿತ್ತು.

"ಗೇರ್ ಬದಲಾಯಿಸ್ರಿ ಭಾವ."

"ಒತ್ತಾ ಇದೀನಿ ಕಣಮ್ಮ. ಕಲ್ಲಾಗೈತೆ."

ಇಳಿದು ನೋಡಿದೆವು. ಗುಂಡಿ ಒತ್ತಿದರೆ ಒಳಗೆ ಏನೋ ಕ್ಲಿಕ್ ಅನ್ನುತ್ತದೆ, ವೈರು ಮಿಸುಕುವುದಿಲ್ಲ. ಗಂಜಿ ತನಗೆ ತಿಳಿದ ಕೆಲಸವನ್ನು ಮಾಡಿತ್ತು. ಒಣಗಿತ್ತು. ವೈರೂ ಔಟರೂ ಸೇರಿ ಒಂದೇ ಕಡ್ಡಿಯಾಗಿದ್ದವು. ಸ್ಪ್ರಿಂಗಿನ ಬಲಕ್ಕೆ ಅದು ಬಗ್ಗಲಿಲ್ಲ, ಚೈನು ಅತ್ಯಂತ ಹಗುರವಾದ ಚಕ್ರದ ಮೇಲೆ ಶಾಶ್ವತವಾಗಿ ಕೂತುಬಿಟ್ಟಿತ್ತು.

ಹಿಂದಿರುಗಿದರೆ ಬಾಗಿಲಲ್ಲಿ ಅಕ್ಕ, ಮೇಲೆ ಜಂತಿ, ಕೈಗೆ ಸಿಗುವ ಹಗ್ಗ. ಭಾವ ಸ್ವಲ್ಪ ಹೊತ್ತು ಮನೆಯ ಕಡೆ ನೋಡಿದರು, ಸ್ವಲ್ಪ ಹೊತ್ತು ಗುಡ್ಡದ ಕಡೆ. ದೂರದಲ್ಲಿ ಬಿಳಿ ಫ್ಯಾನುಗಳು ಯಾವ ಅವಸರವೂ ಇಲ್ಲದೆ ತಿರುಗುತ್ತಿದ್ದವು.

"ಅವೂ ಒಂದೇ ಗೇರಲ್ಲಿ ತಿರುಗ್ತಾ ಅವೆ," ಎಂದರು. "ನಡಿ, ಹೋಗಾಣ."

ಹೋದೆವು ಎನ್ನುವುದಕ್ಕಿಂತ ಭಾವನ ಕಾಲುಗಳು ಹೋದವು, ಉಳಿದದ್ದೆಲ್ಲ ಹಿಂದಿನಿಂದ ಬಂತು. ಮೊಟ್ಟೆ ಕಲಸಿದ ಹಾಗೆ ಪೆಡಲು ತುಳಿಯುತ್ತಿದ್ದರು. ಶೇಂಗಾ ಹೊಲದ ಹೆಂಗಸರು ಕಳೆ ಕೀಳುವುದನ್ನು ಬಿಟ್ಟು ನಿಂತು ನೋಡಿದರು. ಆಮೇಲೆ ಕುರಿಮಂದೆಯೊಂದು ನಮ್ಮನ್ನು ಸೇರಿಕೊಂಡಿತು. ಸೇರಿಕೊಂಡಿತು ಎಂದರೆ ಹಿಂದಿನಿಂದ ಬಂದು. ಮಂದೆಯ ಯಜಮಾನ ಹೆಗಲ ಮೇಲೆ ಕೋಲು ಹಾಕಿಕೊಂಡು ಭಾವನ ಪಕ್ಕದಲ್ಲೇ, ಅವಸರವಿಲ್ಲದೆ, ಹೆಜ್ಜೆ ಹಾಕತೊಡಗಿದ.

"ಸಾರ್, ನೀವಾ? ಒಳ್ಳೇದೇ ಆತು. ಅವತ್ತು ನಂದು ಸಕ್ರೆ ಎಷ್ಟು ಅಂದ್ರಿ?"

ಭಾವ ಕಾಲು ಇನ್ನೂ ಜೋರಾಗಿ ತಿರುಗಿಸಿದರು. ಸೈಕಲ್ಲು ಒಂದು ಮೊಳ ಮುಂದೆ ಹೋಯಿತು. ಕುರುಬನೂ ಒಂದು ಮೊಳ ಮುಂದೆ ಬಂದ.

"ಊಟಕ್ಕೆ ಮುಂಚಿಂದಾ, ಊಟ ಆದ್ಮೇಲಿಂದಾ?" ಎಂದು ಭಾವ ಏದುತ್ತ ಕೇಳಿದರು. ವಾರದ ಒಂದೇ ಒಂದು ಬೆಳಗು ಕೈಬಿಟ್ಟು ಹೋಗುವುದನ್ನು ಅವರ ಮುಖದಲ್ಲಿ ಕಂಡೆ. ನಗು ತಡೆಯಲಾರದೆ ನಾನು ಒಂದು ಟಗರಿಗೆ ಸೈಕಲ್ ತಾಗಿಸಿದೆ. ನಿಜವಾದ ಟಗರಿಗೆ. ಅದು ತಿರುಗಿ ನನ್ನ ಮುಂದಿನ ಚಕ್ರಕ್ಕೆ ಗುಮ್ಮಿತು.

ಅಷ್ಟರಲ್ಲಿ ಹಿಂದೆ ಹಾರ್ನ್ ಕೇಳಿಸಿತು. ತಿರುಗಿ ನೋಡಬೇಕಾಗಿರಲಿಲ್ಲ.

"ಹತ್ರಿ ಸಾರ್!" ಹೊಳಲ್ಕೆರೆಯವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ. "ಇವತ್ತು ಬರೇ ಖಾಲಿ ಚೀಲ. ಮೆತ್ತಗೆ ಕುಂತ್ಕಂಡು ಬರಬೌದು."

"ಬೇಡಪ್ಪ. ಹೋಗು."

"ಯಾಕ್ ಸಾರ್, ಸಿಟ್ಟಾ? ಕುರಿ ಜೊತಿಗೆ ಕೂರಿಸಿದೆ ಅಂತನಾ?"

"ಹೋಗೋ ಮಾರಾಯ! ನಿನ್ನ ಟೆಂಪೋ ಹತ್ತಿದ್ರೆ ನನ್ನ ಸೈಕ್ಲು ಜಂತಿಗೆ ಹೋಗ್ತೈತೆ!"

ಅವನಿಗೆ ಇದು ಅರ್ಥವಾಗಲಿಲ್ಲ. ಭಾವ ಇನ್ನೇನು ಬೀಳುತ್ತಾರೆ, ಬಿದ್ದಾಗ ತಾನಿಲ್ಲದಿದ್ದರೆ ಹೇಗೆ ಎಂಬ ಕರುಣೆಯಿಂದ ಅವನು ಟೆಂಪೋವನ್ನು ನಮ್ಮ ಹಿಂದೆಯೇ ಮೊದಲ ಗೇರಿನಲ್ಲಿ ಉರುಳಿಸಿಕೊಂಡು ಬಂದ. ಈಗ ಕ್ರಮ ಹೀಗಿತ್ತು: ಮುಂದೆ ಭಾವ, ಪಕ್ಕದಲ್ಲಿ ಸಕ್ಕರೆಯ ಕುರುಬ, ಸುತ್ತ ಕುರಿ, ಹಿಂದೆ ನಾನು, ನನ್ನ ಹಿಂದೆ ಟೆಂಪೋ. ಅದನ್ನು ಮೇಲಿನಿಂದ ನೋಡಿದ ಚಿತ್ರವೊಂದು ನನ್ನ ನೆನಪಿನಲ್ಲಿದೆ. ಮೇಲಿನಿಂದ ನಾನು ಹೇಗೆ ನೋಡಿದೆ? ನೋಡಿಲ್ಲ. ಆದರೂ ಅದನ್ನು ಇಟ್ಟುಕೊಳ್ಳುತ್ತೇನೆ, ಚೆನ್ನಾಗಿದೆ.

ಏರು ಬಂತು. ಕುರಿಗಳು ಎಡಕ್ಕೆ ಹೊರಳಿ ಬೀಳುಹೊಲಕ್ಕಿಳಿದವು. ನಾನು ಎದ್ದು ನಿಂತು ತುಳಿದೆ, ಲೇಡೀಸ್ ಸೈಕಲ್ಲು ನರಳಿತು, ನಾನು ಇಳಿದು ತಳ್ಳಿದೆ. ಭಾವ ಮಾತ್ರ ಅದುವರೆಗೆ ಹೇಗೆ ಬರುತ್ತಿದ್ದರೋ ಹಾಗೆಯೇ ಹತ್ತಿದರು. ಆ ಗೇರು ಹುಟ್ಟಿದ್ದೇ ಈ ಏರಿಗಾಗಿ. ಹಿಂದಿನ ಭಾನುವಾರ ಅವರನ್ನು ಕೆಳಗಿಳಿಸಿ ನಿಲ್ಲಿಸಿದ್ದ ತಿರುವಿನಲ್ಲಿ ಅವರು ನನ್ನತ್ತ ತಿರುಗಿ, ಒಂದು ಕೈ ಬಿಟ್ಟು, "ಫೋಟೋ ತೆಗಿ!" ಎಂದು ಕೂಗಿದರು. ತೆಗೆದೆ. ನೆರಳು ಚೂಪಾಗಿ ಬಿದ್ದಿರುವುದು ಅದರಲ್ಲೇ. ಮುಖ ಅರ್ಧ ಕತ್ತರಿಸಿ ಹೋಗಿದೆ, ಹಲ್ಲು ಮಾತ್ರ ಬಂದಿವೆ.

ಮೇಲೆ ಒಂದು ಫ್ಯಾನಿನ ಕಾಲಬುಡದಲ್ಲಿ ಕೂತು ನೀರು ಕುಡಿದೆವು. ಟೆಂಪೋದವನೂ ಬಂದು ಕೂತ. ರೆಕ್ಕೆಯ ನೆರಳು ನಮ್ಮ ಮೂವರ ಮೇಲೂ ಉಜ್ಜಿ ಉಜ್ಜಿ ಹೋಗುತ್ತಿತ್ತು. ಭಾವ ಗೆದ್ದವರಂತೆ ಕಾಲು ಚಾಚಿದ್ದರು. ಅರ್ಧ ಮಾತ್ರ ಆಗಿದೆ ಎಂದು ನೆನಪಿಸುವ ಮನಸ್ಸು ನನಗೆ ಬರಲಿಲ್ಲ.

ಇಳಿಜಾರು ಮುಗಿದು ಬಯಲು ಶುರುವಾದ ಮೇಲೆ ಭಾವ ಮಾತು ನಿಲ್ಲಿಸಿದರು. ಬಿಸಿಲು ನೆತ್ತಿಗೆ ಏರಿತ್ತು. ಕಾಲುಗಳು ಬೆಳಿಗ್ಗೆಯ ಹಾಗೇ ತಿರುಗುತ್ತಿದ್ದವು, ಆದರೆ ಈಗ ಅವು ಬೇರೆ ಯಾರದೋ ಕಾಲುಗಳಂತೆ ಕಾಣುತ್ತಿದ್ದವು. ಊರ ಹೊರಗಿನ ಅಕ್ಕಿ ಗಿರಣಿ ಕಂಡಿತು, ಅದರಾಚೆ ನಮ್ಮ ಬೀದಿ. ಗಿರಣಿಯ ಗೋಡೆಯ ಹತ್ತಿರ ಭಾವ "ಅವ್ವಾ" ಎಂದು ಒಂದೇ ಒಂದು ಸಲ ಅಂದು ನಿಂತುಬಿಟ್ಟರು. ಮೀನಖಂಡ ಹಿಡಿದುಕೊಂಡಿತ್ತು. ಪಂಚೆ ಹಿಂಡಿದ ಹಾಗೆ ತಿರುಚಿಕೊಂಡ ಸ್ನಾಯು ಚರ್ಮದ ಕೆಳಗೆ ಕಣ್ಣಿಗೇ ಕಾಣಿಸುತ್ತಿತ್ತು. ಅವರು ಸೈಕಲ್ಲನ್ನು ಅಪ್ಪಿಕೊಂಡು ಒಂಟಿಕಾಲಲ್ಲಿ ನಿಂತರು.

ಟೆಂಪೋದವನು ಹಿಂಬಾಗಿಲು ಬಿಚ್ಚುವ ಸದ್ದು ಕೇಳಿಸಿತು. ಬಹಳ ಹೊತ್ತಿನಿಂದ ಕಾದಿದ್ದ, ಪಾಪ.

"ಬೇಡ," ಎಂದರು ಭಾವ. ಕಣ್ಣಲ್ಲಿ ನೀರಿತ್ತು. ನೋವಿಗೋ ಜಂತಿಗೋ ತಿಳಿಯಲಿಲ್ಲ. "ತಳ್ಳಿಕೊಂಡಾದ್ರೂ ಹೋಗ್ತೀನಿ."

ಒಂದು ಹೆಜ್ಜೆ ಇಟ್ಟರು. ಇನ್ನೊಂದು ಕಾಲೂ ಹಿಡಿದುಕೊಂಡಿತು.

ಆಗ ಅಕ್ಕ ಪಕ್ಕದ ಮನೆಯವರ ಸ್ಕೂಟರ್ ಮೇಲೆ ಬಂದಳು. ಶೇಂಗಾ ಹೊಲದ ಹೆಂಗಸರಲ್ಲಿ ಯಾರೋ ಫೋನ್ ಮಾಡಿ, ನಿಮ್ಮನೆಯವರು ಕುರಿ ಮತ್ತು ಟೆಂಪೋ ಸಮೇತ ಮೆರವಣಿಗೆ ಹೊರಟಿದ್ದಾರೆ ಎಂದಿದ್ದರಂತೆ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದಿದ್ದಳು. ಸ್ಕೂಟರ್ ನಿಲ್ಲಿಸಿ ಮೊದಲು ಭಾವನ ಕಾಲು ನೋಡಿದಳು, ಆಮೇಲೆ ಬಾಯಿ ತೆರೆದ ಟೆಂಪೋ, ಆಮೇಲೆ ನನ್ನನ್ನು.

"ಏರು ಹತ್ತಿದ್ರಾ?"

"ಹತ್ತಿದ್ರಕ್ಕ. ಫೋಟೋ ಐತೆ."

"ನಿನ್ನ ಕೇಳಲಿಲ್ಲ. ರೀ, ಹತ್ತಿದ್ರಾ?"

ಭಾವ ತಲೆಯಾಡಿಸಿದರು.

"ಮತ್ಯಾಕೆ ಹಿಂಗೆ ಕೊಕ್ಕರೆ ಥರ ನಿಂತಿದೀರಿ? ಸ್ಕೂಟರ್ ಹಿಂದೆ ಕುಂತ್ಕಳ್ರಿ."

"ಸೈಕ್ಲು?"

ಅಕ್ಕ ಅವರ ಕೈಯಿಂದ ಸೈಕಲ್ ಬಿಡಿಸಿಕೊಂಡು, ಕೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಸಲ ಅಲ್ಲಾಡಿಸಿ ನೋಡಿದಳು. ಮದುವೆಯಾದ ಮೇಲೆ ಅವಳು ಆ ಸೈಕಲ್ಲನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಇಲ್ಲ, ಇದು ಸುಳ್ಳು. ಸೈಕಲ್ಲು ಬಂದದ್ದೇ ಮದುವೆಯಾಗಿ ಎಷ್ಟೋ ಕಾಲದ ಮೇಲೆ. ವಾಕ್ಯ ಚಂದವಾಗಿ ಬಂತೆಂದು ಬರೆದುಬಿಟ್ಟೆ. ಅವಳು ಕಾಲೇಜಿಗೆ ಹೋಗುವಾಗ ನಮ್ಮೂರ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಸೈಕಲ್ ಹೊಡೆಯುತ್ತಿದ್ದಳು ಎನ್ನುವುದು ನಿಜ. ಕಾಲೆತ್ತಿ ಹತ್ತಿ ಕೂತಳು. ಪೆಡಲಿನ ಮೇಲೆ ಒಂದು ಕಾಲಿಟ್ಟು ಒತ್ತಿದಳು. ಅವಳ ಮುಖದಲ್ಲಿ ಏನೋ ಆಯಿತು.

"ಏನ್ರೀ ಇದು," ಎಂದಳು, "ತುಳಿದಂಗೇ ಇಲ್ಲ!"

ಹೊರಟೇಹೋದಳು. ಮೊದಲು ಸ್ವಲ್ಪ ಓಲಾಡಿದಳು, ಆಮೇಲೆ ನೆಟ್ಟಗಾದಳು. ದುಪಟ್ಟಾದ ತುದಿ ಬಿಚ್ಚಿ ಹಿಂದೆ ಹಾರಿತು. ನಾನು ಭಾವನನ್ನು ಸ್ಕೂಟರಿನ ಹಿಂದೆ ಏರಿಸಿ, ಅವರ ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿಸಿ ಹೊರಟೆ. ಉಳಿದದ್ದು ಅಕ್ಕನ ಲೇಡೀಸ್ ಸೈಕಲ್. ಟೆಂಪೋದವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಖಾಲಿ ಚೀಲಗಳ ಮೇಲೆ ಹೂವಿನ ಹಾಗೆ ಇಟ್ಟುಕೊಂಡ. ಆ ಬೆಳಗಿನಲ್ಲಿ ಸಂತೋಷವಾಗಿದ್ದ ಮುಖ ಅದೊಂದೇ ಇರಬೇಕು. ಇನ್ನೊಂದು ಮುಖ ನಮ್ಮ ಮುಂದೆ ಹೋಗುತ್ತಿತ್ತು, ಅದರ ಬೆನ್ನು ಮಾತ್ರ ಕಾಣುತ್ತಿತ್ತು.

ಬೀದಿಗೆ ತಿರುಗಿದೆವು. ಜಗಲಿಯ ಮೇಲೆ ಅತ್ತೆ ಕಣ್ಣಿಗೆ ಕೈ ಅಡ್ಡ ಇಟ್ಟು ನಿಂತಿದ್ದರು. ಅಕ್ಕ ಮನೆಯ ಮುಂದೆ ಬಂದಳು. ನಿಲ್ಲಲಿಲ್ಲ. ನಲ್ಲಿಯ ಹತ್ತಿರದ ಹೆಂಗಸರು ಕೊಡ ಎತ್ತಿಕೊಂಡು ದಾರಿ ಬಿಟ್ಟರು.

"ಲೇ, ಟಗರು ಮನೆ ದಾಟಿ ಹೋತಲ್ಲೇ!" ಎಂದರು ಅತ್ತೆ.

"ಎಲ್ಲಿಗೆ ಹೋಗ್ತಾ ಇದಾಳೆ?" ಎಂದು ಭಾವ ನನ್ನ ಬೆನ್ನಿಗೆ ಕೇಳಿದರು.

ನನಗೇನು ಗೊತ್ತು? ಜಗಲಿಯ ಮೇಲೆ ಕೂತು ಕಾದೆವು. ಅತ್ತೆ ಮಗನ ಕಾಲಿಗೆ ಎಣ್ಣೆ ಹಾಕಿ ತಿಕ್ಕುತ್ತ, ವೈರು ಕಲ್ಲಾದ ಕಥೆ ಕೇಳಿದರು. ಕೇಳಿ 'ಹೂಂ' ಅಂದರು. "ಒಣಗಿದ ಮ್ಯಾಲೆ ಗಟ್ಟಿ ಆಗಬೇಕು. ಆಗೈತೆ. ನಿಮ್ಮ ವೈರಿಗೆ ಆಡೋ ಕೆಲಸ ಐತೆ ಅಂತ ಯಾರು ಹೇಳಿದ್ರು ನನಗೆ?"

ಅಕ್ಕ ಬಂದಳು. ಕೆನ್ನೆ ಕೆಂಪಾಗಿತ್ತು, ಮೂಗಿನ ತುದಿಯಲ್ಲಿ ಬೆವರಿನ ಹನಿ. ಬಸ್ ನಿಲ್ದಾಣದವರೆಗೆ ಹೋಗಿ ಬಂದಿದ್ದಳು. ಸೈಕಲ್ಲಿನಿಂದ ಇಳಿಯದೆಯೇ ಒಂದು ಕಾಲನ್ನು ಜಗಲಿಯ ಕಟ್ಟೆಯ ಮೇಲಿಟ್ಟು ನಿಂತಳು.

ಭಾವ ಎಣ್ಣೆ ಹಚ್ಚಿದ ಕಾಲನ್ನು ಹಿಂದಕ್ಕೆಳೆದುಕೊಂಡರು. "ಟೆಂಪೋದಾಗೆ ಬರಲಿಲ್ಲ ಮತ್ತೆ. ನೀನೇ ನೋಡಿದೀಯ. ಜಂತಿಗೆ ಕಟ್ಟಂಗಿಲ್ಲ."

"ಯಾವುದನ್ನ ಕಟ್ಟೋದು? ನಾಳೆ ಬೆಳಿಗ್ಗೆ ನನಗೆ ಬೇಕು."

ಬೀದಿಯಲ್ಲಿ ಟೆಂಪೋ ಬಂದು ನಿಂತ ಸದ್ದಾಯಿತು. ಯಾರೂ ತಿರುಗಲಿಲ್ಲ.

ನಾನು ನಡುವೆ ಬಾಯಿ ಹಾಕಿದೆ. "ಮುಂದಿನ ವಾರ ಹೊಸ ಔಟರ್ರೂ ವೈರೂ ತರ್ತೀನಿ ಅಕ್ಕ. ಎಲ್ಲಾ ಗೇರೂ ಓಡಂಗೆ ಮಾಡ್ತೀನಿ."

"ಬ್ಯಾರೆ ಗೇರು ಏನಕ್ಕೆ? ಇದೇ ಚಂದೈತೆ. ನನ್ನ ಸೈಕ್ಲು ಇಷ್ಟು ದಿನ ನನ್ನ ಮಂಡಿ ತಿಂದಿದ್ದು ಸಾಕು."

"ಮತ್ತೆ ನನಗೆ?" ಎಂದರು ಭಾವ. ಆ ದನಿಯಲ್ಲಿ ಲ್ಯಾಬಿನ ಮುಂದೆ ರಿಪೋರ್ಟಿಗೆ ಕಾಯುವವರ ದನಿಯಿತ್ತು.

ಅಕ್ಕ ಯೋಚಿಸಿದಳು. "ನಿಮಗೆ ಭಾನುವಾರ."

"ಭಾನುವಾರ ಪೂರ್ತಿನಾ?"

"ತಿಂಡಿ ತನಕ."

ಹೊಸ ವೈರು, ಹೊಸ ಔಟರು ಮುಂದಿನ ವಾರವೇ ಹಾಕಿದೆ. ಸೋಮವಾರದಿಂದ ಶನಿವಾರದವರೆಗೆ ಚೈನು ದೊಡ್ಡ ಚಕ್ರದ ಮೇಲೇ ಇರುತ್ತದೆ, ಭಾನುವಾರ ಒಂದು ಬೆಳಗು ಮಾತ್ರ ಮೇಲೆ ಕೆಳಗೆ ಓಡಾಡುತ್ತದೆ. ಅಕ್ಕ ಅಂದದ್ದು 'ತಿಂಡಿ ತನಕ' ಅಲ್ಲ, 'ಊಟದ ತನಕ' ಎಂದು ಭಾವ ಈಗಲೂ ವಾದಿಸುತ್ತಾರೆ. ಅತ್ತೆಗೆ ಎರಡೂ ನೆನಪಿಲ್ಲ. ಅಕ್ಕನನ್ನೇ ಕೇಳಿ ತೀರ್ಮಾನಿಸೋಣವೆಂದರೆ ಅವಳು ಮನೆಯಲ್ಲಿ ಇರುವುದಿಲ್ಲ. ಅಷ್ಟು ಹೊತ್ತಿಗೆ ಟಗರು ಹತ್ತಿ ಹೊರಟುಹೋಗಿರುತ್ತಾಳೆ.